ಸಮುದ್ರ ದಾಟಿದ ಹೆಸರು

ಕೊಲ್ಲುವುದು ಬೇಡ ಎಂದು ಇಯೋಲು ತೀರ್ಮಾನಿಸುವ ಹೊತ್ತಿಗೆ ಮೂರನೇ ಕೆಸುವಿನ ಗೆಡ್ಡೆಯ ಸಿಪ್ಪೆ ತೆಗೆದು ಮುಗಿದಿತ್ತು.

ಕೊಂದರೆ ಚಿಕ್ಕಪ್ಪ ನಂಪಾಸ್ ಸಾಯುತ್ತಾನೆ, ಅಷ್ಟೆ. ಊರೆಲ್ಲ ಸೇರಿ ಅಳುತ್ತದೆ, ಹಂದಿ ಕಡಿಯುತ್ತಾರೆ, ಗಂಡಸರು ಗಡ್ಡ ಬಿಡುತ್ತಾರೆ. ವರ್ಷ ಕಳೆದ ಮೇಲೆ ಯಾವುದೋ ಕೂಸಿಗೆ ನಂಪಾಸ್ ಎಂದು ಹೆಸರಿಟ್ಟು ಅವನ ಜಾಗದಲ್ಲೇ ಅವನನ್ನು ಮತ್ತೆ ಕೂರಿಸುತ್ತಾರೆ. ಮುದುಕನಿಗೆ ಸಾವೆಂದರೆ ಒಂದು ನಿದ್ದೆ ಮಾಡಿ ಎದ್ದಷ್ಟೇ. ಅವನಿಗೆ ಆಗಬೇಕಾದದ್ದು ಇನ್ನೂ ಕೆಟ್ಟದ್ದು. ಅದೇನೆಂದು ಇಯೋಲುವಿಗೆ ಬಹಳ ದಿನಗಳಿಂದ ಗೊತ್ತಿತ್ತು. ಮಾಡುವ ಧೈರ್ಯ ಮಾತ್ರ ದಿನಾ ಬೆಳಿಗ್ಗೆ ಬಂದು ದಿನಾ ಸಂಜೆ ಹೊರಟುಹೋಗುತ್ತಿತ್ತು.

ನಾಲ್ಕನೇ ಗೆಡ್ಡೆಗೆ ಚಾಕು ಹಾಕಿದ. ಹೆಬ್ಬೆರಳು ಕುಯ್ದುಹೋಯಿತು.

"ಅದು ಅಳ್ತಾ ಇದೆ. ಸ್ವಲ್ಪ ಎತ್ಕೋ," ಅಂದಳು ಹೆಂಡತಿ ಯಾಮಕ್. ಅವಳು ಒಲೆಯ ಕಲ್ಲುಗಳನ್ನು ಬೆಂಕಿಯಲ್ಲಿ ಹೊರಳಿಸುತ್ತಿದ್ದಳು.

'ಅದು' ಎಂದರೆ ಮಗ. ನಾಲ್ಕು ತಿಂಗಳಿಂದ ಅವನು 'ಅದು'. ಅವನಿಗೆ ಸಲ್ಲಬೇಕಾದ ಹೆಸರು ಹುಟ್ಟುವ ಮುಂಚೆಯೇ ಇತ್ತು: ಕಮಿಸಾಕ್, ಇಯೋಲುವಿನ ಅಪ್ಪನ ಹೆಸರು. ಹಳ್ಳದಿಂದ ಹಲಸಿನ ಸಾಲಿನವರೆಗಿನ ನೆಲ ಆ ಹೆಸರಿನದು. ಗಂಡಸರು ಸಂಜೆ ಸೇರಿ ಕಾವಾ ಎಂಬ ಮತ್ತಿನ ಬೇರಿನ ರಸ ಕುಡಿಯುವ ಬಯಲಿನಲ್ಲಿ, ಆಲದ ಮರದ ಎಡಗಡೆ, ಒಂದು ಬೇರಿನ ಮೇಲೆ ಕೂರುವ ಹಕ್ಕು ಆ ಹೆಸರಿನದು. ಆ ಹೆಸರು ಹೊತ್ತವನು ಮೊದಲು ಮಾತಾಡುತ್ತಾನೆ. ಹೆಸರಿಲ್ಲದವನಿಗೆ ನೆಲವೂ ಇಲ್ಲ, ಬೇರೂ ಇಲ್ಲ, ಮಾತೂ ಇಲ್ಲ. ಒಂದೇ ಹೆಸರನ್ನು ಬದುಕಿರುವ ಇಬ್ಬರು ಹೊರುವಂತಿಲ್ಲ.

ಈಗ ಕಮಿಸಾಕ್ ಎಂಬ ಹೆಸರು ಯುರೋಪಿನಲ್ಲಿತ್ತು.

ವಿಲ್ಲೆಮ್ ಎಂಬೊಬ್ಬ ಬಿಳಿಯ ಅಲ್ಲಿಂದ ಬಂದಿದ್ದ. ಹನ್ನೊಂದು ದಿನ ಇದ್ದ, ಕೆಸುವಿನ ಗೆಡ್ಡೆ ತಿಂದ, ಹೊರಡುವಾಗ ಬಿಕ್ಕಿ ಬಿಕ್ಕಿ ಅತ್ತ. ಅಳುವ ಅತಿಥಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಂಪಾಸ್ ತನ್ನ ಸತ್ತ ಅಣ್ಣನ ಹೆಸರನ್ನು ಎತ್ತಿ ಕೊಟ್ಟುಬಿಟ್ಟ. ಇದಾದದ್ದು ಇಯೋಲು ಓದು ಮುಗಿಸಿ ಸಮುದ್ರದಾಚೆಯ ಸುವಾ ನಗರದಿಂದ ಊರಿಗೆ ಮರಳುವ ಎರಡು ತಿಂಗಳ ಮುಂಚೆ. ಮಾರಿದ್ದರೆ ಅರ್ಥವಾಗುತ್ತಿತ್ತು. ಕದ್ದಿದ್ದರೂ ಅರ್ಥವಾಗುತ್ತಿತ್ತು. ಸುಮ್ಮನೆ ಕೊಟ್ಟ.

ಇಯೋಲು ಆ ಮನುಷ್ಯನಿಗೆ ಪತ್ರ ಬರೆದಿದ್ದ. ದಯವಿಟ್ಟು ಬಂದು ಆಲದ ಕೆಳಗೆ ಹೆಸರು ಹಿಂತಿರುಗಿಸಿ ಹೋಗಬೇಕು, ನನ್ನ ಮಗ ಕಾಯುತ್ತಿದ್ದಾನೆ ಎಂದು. ಉತ್ತರ ಬಂತು. ಈ ಹೆಸರು ನನ್ನ ಬದುಕನ್ನೇ ಬದಲಿಸಿದೆ, ಸಾಯುವ ತನಕ ಹೆಮ್ಮೆಯಿಂದ ಹೊರುತ್ತೇನೆ, ನಿಮ್ಮ ಮಗುವಿಗೆ ನನ್ನ ಪ್ರೀತಿ. ಅವನಿಗೆ ನಲವತ್ತೊಂದು ವರ್ಷ. ಆರೋಗ್ಯ ಗಟ್ಟಿಯಾಗಿತ್ತು.

"ಇವತ್ತು ಕೇಳ್ತೀಯೋ, ಇಲ್ಲ ಇವತ್ತೂ ಹೊಟ್ಟೆ ನೋವೋ?" ಯಾಮಕ್ ಕೇಳಿದಳು.

"ಕೇಳೋದೇನಿದೆ? ಹೇಳೋದಿದೆ."

"ಹೇಳು ಹಾಗಾದ್ರೆ. ನಂಗೆ ಇಲ್ಲಿಗೆ ಕೇಳ್ಬೇಕು. ನೀನು ಗಂಟಲಲ್ಲೇ ನುಂಗಿಕೊಂಡು ಬಂದ್ರೆ ನಾನು ಇದನ್ನ ಎತ್ಕೊಂಡು ನಮ್ಮಪ್ಪನ ಊರಿಗೆ ಹೋಗ್ತೀನಿ. ಅಲ್ಲಿ ನಾಯಿಗೂ ಒಂದು ಹೆಸರಿದೆ."

ಇಯೋಲು ಮಗುವನ್ನು ಎತ್ತಿಕೊಂಡ. ಕುಯ್ದ ಬೆರಳಿನ ರಕ್ತ ಅದರ ತೊಡೆಗೆ ಮೆತ್ತಿತು. ಅದನ್ನು ಒರೆಸುತ್ತಿದ್ದಾಗಲೇ ಕೆಳಗಿನಿಂದ ಕೂಗು ಬಂತು: ಅಗ್ನಿಪರ್ವತದ ಬೂದಿಬಯಲು ದಾಟಿ ಒಬ್ಬ ಬಿಳಿಯ ನಡೆದುಕೊಂಡು ಬರುತ್ತಿದ್ದಾನೆ, ಒಂಟಿ, ಬೆನ್ನಿಗೊಂದು ಚೀಲ.

ಚಿಕ್ಕಪ್ಪ ಹೇಳಿಕಳಿಸಿದ: ಇಯೋಲು ಬರಲಿ, ಇಂಗ್ಲಿಷು ಬೇಕಾಗಿದೆ.

*

ಬಂದವನ ಹೆಸರು ಮಾರ್ಟೆನ್. ಮೂಗಿನ ಮೇಲೆ ಚರ್ಮ ಸುಲಿದಿತ್ತು. ಮೊದಲ ಮಾತಿಗೇ ಅವನು, ತಾನು ಪ್ರವಾಸಿ ಅಲ್ಲ ಎಂದು ತಿಳಿಸಿದ. ಪ್ರವಾಸಿಗಳು ಅಗ್ನಿಪರ್ವತ ನೋಡಿ, ಫೋಟೋ ತೆಗೆದು, ವಿಮಾನ ಹತ್ತುತ್ತಾರೆ. ತಾನು ಯಾವ ಕಂಪನಿಯ ಮೂಲಕವೂ ಬಂದಿಲ್ಲ, ದಾರಿ ತೋರಿಸುವವನನ್ನೂ ಕರೆದುಕೊಂಡಿಲ್ಲ, ಎಲ್ಲಿಯೂ ಮುಂಚಿತವಾಗಿ ಹೇಳಿಲ್ಲ.

"ಏನಂತೆ?" ನಂಪಾಸ್ ಕೇಳಿದ. ಅವನು ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಹಂದಿಗೆ ತೆಂಗಿನಕಾಯಿ ಒಡೆದು ಹಾಕುತ್ತಿದ್ದ. ಸೊಂಟಕ್ಕೆ ಹುಲ್ಲಿನ ಕಟ್ಟು, ಬಿಳಿಗಡ್ಡ, ಸಣ್ಣ ಮೈ. ಎಂಬತ್ತರ ಹತ್ತಿರದ ಆ ಮುದುಕನನ್ನು ದ್ವೇಷಿಸುವುದು ಕೆಲಸವೇ ಆಗಿತ್ತು. ದಿನಾ ಬೆಳಿಗ್ಗೆ ಹೊಸದಾಗಿ ಶುರುಮಾಡಬೇಕಿತ್ತು.

"ಹೇಳದೇ ಕೇಳದೇ ಬಂದೆ ಅಂತಿದಾನೆ."

"ಪಾಪ. ಅವನಿಗೆ ಹೇಳಿಕೊಡೋರು ಯಾರೂ ಇಲ್ವೇನೋ."

ಮಾರ್ಟೆನ್ ತನ್ನ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಬಿಳಿಯ ತೋಳು, ಅದರ ಮೇಲೆ ಹಚ್ಚೆ, ಇಂಗ್ಲಿಷ್ ಅಕ್ಷರಗಳಲ್ಲಿ: ಕಮಿಸಾಕ್.

"ಕಮಿಸಾಕ್ ನನ್ನ ಗೆಳೆಯ," ಅಂದ ಮಾರ್ಟೆನ್. "ಇಲ್ಲಿಗೆ ಬಾ ಅಂತ ಅವನೇ ಹೇಳಿದ್ದು."

ಸುತ್ತ ನಿಂತಿದ್ದ ಹೆಂಗಸರಿಗೆ ಇಂಗ್ಲಿಷು ಬಾರದು. ಆ ಒಂದು ಪದ ಎಲ್ಲರಿಗೂ ತಿಳಿಯಿತು.

"ಕಮಿಸಾಕ್ ಹೇಗಿದಾನಂತೆ? ಕೇಳು, ಕೇಳು," ಅಂದ ನಂಪಾಸ್.

ಇಯೋಲು ಕೇಳಿದ. ಅಪ್ಪ ಹೇಗಿದ್ದಾನೆ ಎಂದು ತಾನೇ ಒಬ್ಬ ಅಪರಿಚಿತನನ್ನು ಕೇಳುತ್ತಿರುವಂತೆ ಅನ್ನಿಸಿತು.

"ಅಷ್ಟು ಚೆನ್ನಾಗಿಲ್ಲ. ಹೆಂಡತಿ ಬಿಟ್ಟುಹೋದಳು. ಈಗ ಒಬ್ಬನೇ ಇದ್ದಾನೆ. ಸ್ವಲ್ಪ ಕುಡಿಯುತ್ತಾನೆ."

ಇಯೋಲು ಇದನ್ನು ತನ್ನ ಭಾಷೆಯಲ್ಲಿ ಹೇಳಿದ. ಹೆಂಗಸರು ಲೊಚಗುಟ್ಟಿದರು. ಕಮಿಸಾಕನ ಹೆಂಡತಿ ಬಿಟ್ಟುಹೋದಳಂತೆ. ಕಮಿಸಾಕ್ ಕುಡೀತಾನಂತೆ. ಸುದ್ದಿ ಗುಡಿಸಲಿನಿಂದ ಗುಡಿಸಲಿಗೆ ಹೋಯಿತು. ಇಯೋಲುವಿನ ತಾಯಿ, ಕಮಿಸಾಕನ ಹೆಂಡತಿಯಾಗಿ ನಲವತ್ತು ವರ್ಷ ಬಾಳಿದವಳು, ಚಾಪೆ ಹೆಣೆಯುತ್ತಿದ್ದವಳು ತಲೆಯೆತ್ತಿ, "ಊಟ ಯಾರು ಹಾಕ್ತಾರಂತೋ ಅವನಿಗೆ?" ಎಂದು ಕೇಳಿದಳು.

ಅವಳ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದನ್ನೇ ಇಯೋಲುವಿಗೆ ತಡೆಯಲಾಗಲಿಲ್ಲ.

*

ಅತಿಥಿಗೆ ಊರು ತೋರಿಸಬೇಕಾಯಿತು. ಮಾರ್ಟೆನ್ ಇಯೋಲುವಿನ ಅಂಗಿ, ಚಡ್ಡಿಯನ್ನು ಎರಡು ಸಲ ನೋಡಿದ.

"ನೀನು ಇಲ್ಲಿಯವನೇನಾ?"

"ಹೌದು."

"ಇಂಗ್ಲಿಷ್ ಚೆನ್ನಾಗಿದೆ."

"ಸುವಾದಲ್ಲಿ ಓದಿದೆ. ಒಂಬತ್ತು ವರ್ಷ."

"ಓ," ಅಂದ ಮಾರ್ಟೆನ್. ಅಂಗಡಿಯಲ್ಲಿ ಎತ್ತಿಕೊಂಡ ಹಣ್ಣು ಒಂದು ಕಡೆ ಮೆತ್ತಗಿರುವುದು ಬೆರಳಿಗೆ ತಗುಲಿದವನಂತೆ ಇತ್ತು ಆ ಓ.

ಕೆಸುವಿನ ಪಾತಿಗಳ ಬದಿಯಲ್ಲಿ ಅಪ್ಪನನ್ನು ಹೂಳಿದ ಜಾಗ. ಇಯೋಲು ಅದನ್ನು ತೋರಿಸಲಿಲ್ಲ, ನಿಂತ ಅಷ್ಟೆ. ಅಪ್ಪ ಸತ್ತ ಸುದ್ದಿ ಬಂದಾಗ ಅವನಿಗೆ ಪರೀಕ್ಷೆಗೆ ಎರಡು ದಿನವಿತ್ತು. ದ್ವೀಪಗಳ ಮೌಖಿಕ ಪರಂಪರೆಯ ಪತ್ರಿಕೆ. ಅದರಲ್ಲಿ ಹೆಸರಿಡುವ ಪದ್ಧತಿಯ ಬಗ್ಗೆ ಹನ್ನೆರಡು ಪುಟ ಬರೆದ. ಸತ್ತವನ ಹೆಸರನ್ನು ಮಗ ಕೂಡಲೇ ಬಂದು ಎತ್ತಿಕೊಳ್ಳಬೇಕು, ಇಲ್ಲವಾದರೆ ಅದು ಕುಲದ ಹಿರಿಯನ ಕೈ ಸೇರುತ್ತದೆ ಎಂದು ಸ್ಪಷ್ಟವಾಗಿ, ಉದಾಹರಣೆ ಸಮೇತ ಬರೆದ. ಮೊದಲ ದರ್ಜೆ ಬಂತು. ಆಮೇಲೆ ಇನ್ನೊಂದು ಪದವಿಗೆ ಸೇರಿದ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಚಿಕ್ಕಪ್ಪನ ಮೇಲಿನ ಸಿಟ್ಟು ತೆಳ್ಳಗಾಗುತ್ತಿತ್ತು. ಆ ಸಿಟ್ಟು ಬಿಟ್ಟರೆ ಅವನ ಹತ್ತಿರ ಬೇರೇನೂ ಇರಲಿಲ್ಲ.

"ಒಂದು ಕೇಳಲಾ?" ಮಾರ್ಟೆನ್ ತಗ್ಗಿದ ದನಿಯಲ್ಲಿ ಹೇಳಿದ. "ಅವರು ನನಗೂ ಒಂದು ಹೆಸರು ಕೊಡಬಹುದಾ? ನಾನಾಗಿ ಕೇಳೋದಿಲ್ಲ. ಅವರಿಗೇ ಅನ್ನಿಸಿದರೆ."

"ಹೆಸರು ಮುಗಿದಿವೆ."

ಮಾರ್ಟೆನ್ ನಕ್ಕ. ತಮಾಷೆ ಎಂದುಕೊಂಡ.

*

ಮಧ್ಯಾಹ್ನ ಇಯೋಲು ಹಂದಿಬೇಲಿಯ ಹತ್ತಿರ ಹೋದ. ಚಿಕ್ಕಪ್ಪ ಅಲ್ಲೇ ಇದ್ದ, ಒಂದು ಗೂಟವನ್ನು ಅಲ್ಲಾಡಿಸಿ ನೋಡುತ್ತಿದ್ದ.

"ಚಿಕ್ಕಪ್ಪ, ನನ್ನ ಮಗೂಗೆ ನಾಲ್ಕು ತಿಂಗಳಾಯ್ತು."

"ಬೆಳೀತಿದೆ. ನೋಡ್ದೆ."

"ಅಪ್ಪನ ಹೆಸರು ಅವನದ್ದು."

"ಈ ಗೂಟ ಹಿಡ್ಕೋ." ಇಯೋಲು ಹಿಡಿದುಕೊಂಡ. ನಂಪಾಸ್ ಕಲ್ಲಿನಿಂದ ಅದರ ತಲೆಗೆ ಕುಟ್ಟತೊಡಗಿದ. "ನಿಮ್ಮಪ್ಪ ಸತ್ತಾಗ ಹೆಸರು ಇಲ್ಲೇ ಬಿದ್ದಿತ್ತಪ್ಪ. ಎರಡು ವರ್ಷಕ್ಕೂ ಮೇಲೆ ಬಿದ್ದಿತ್ತು. ನಾನು ದಿನಾ ನೋಡ್ತಿದ್ದೆ. ಎತ್ತಿಕೊಳ್ಳೋರು ಯಾರಿದ್ರು?"

"ನಾನು ಓದ್ತಿದ್ದೆ."

"ಹೂಂ. ಓದ್ತಿದ್ದೆ." ಎರಡು ಪೆಟ್ಟು. "ಆ ಬಿಳಿಯನಿಗೆ ಕೊಟ್ಟೆ. ಈಗ ಸಮುದ್ರದ ಆಚೆಗೂ ನಮಗೊಂದು ದಾರಿ ಆಯ್ತು. ಇವತ್ತು ನೋಡು, ಆ ದಾರೀಲೇ ಒಬ್ಬ ನಡ್ಕೊಂಡು ಬಂದ. ನಾಳೆ ನಿನ್ನ ಮಗ ಆ ಕಡೆ ಹೋದ್ರೆ ಅಲ್ಲಿ ಅವನ ತಾತ ಇರ್ತಾನೆ."

"ಅಲ್ಲಿ ಯಾವ ತಾತನೂ ಇಲ್ಲ. ಕುಡುಕ ಒಬ್ಬ ಇದಾನೆ!"

"ತಾತಂದಿರೂ ಕುಡೀತಾರೆ."

"ಚಿಕ್ಕಪ್ಪ, ನನ್ನ ಮಗನಿಗೆ ನಿಲ್ಲೋಕೆ ನೆಲ ಇಲ್ಲ."

"ತಾಯಿ ಕಡೆ ಒಂದು ಹೆಸರು ಕೇಳಿ ಇಟ್ಕೋ."

ತಾಯಿ ಕಡೆಯ ಹೆಸರಿಟ್ಟರೆ ಮಗು ತಾಯಿಯ ಊರಿಗೆ ಸೇರುತ್ತದೆ. ಹಲಸಿನ ಸಾಲು ಕೈಬಿಡುತ್ತದೆ, ಆಲದ ಬೇರೂ ಕೈಬಿಡುತ್ತದೆ. ಮುದುಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೂಟ ಗಟ್ಟಿಯಾಯಿತು. ಕಲ್ಲು ಇನ್ನೂ ಚಿಕ್ಕಪ್ಪನ ಕೈಯಲ್ಲಿತ್ತು. ಆ ಕಲ್ಲನ್ನು ಕಿತ್ತುಕೊಂಡು ಆ ಬಿಳಿತಲೆಯ ಮೇಲೆ ಹಾಕಿದರೆ ಹೇಗಿರುತ್ತದೆಂದು ಇಯೋಲು ಅಂಗುಲ ಅಂಗುಲವಾಗಿ ಕಲ್ಪಿಸಿಕೊಂಡ. ಅವನ ಹೊಟ್ಟೆಯಲ್ಲಿ ಎಂಥದೋ ಸುಖ ಹರಡಿತು.

"ಸಂಜೆ ಅವನನ್ನೂ ಆಲದ ಹತ್ತಿರ ಕರ್ಕೊಂಡು ಬಾ," ಅಂದ ನಂಪಾಸ್. "ಫೋನು ತರ್ಲಿ, ಪರವಾಗಿಲ್ಲ. ಸದ್ದು ಮಾಡದಿದ್ರೆ ಸಾಕು."

*

ಬಯಲಿಗೆ ಹೆಂಗಸರು ಬರುವಂತಿಲ್ಲ. ಇಯೋಲು ಸೇರಿ ಹನ್ನೆರಡು ಗಂಡಸರು ಅವರವರ ಬೇರುಗಳ ಮೇಲೆ ಕೂತಿದ್ದರು. ಎಡಗಡೆಯ ಒಂದು ಬೇರು ಖಾಲಿ. ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ, ಅದರ ಕಡೆ ನೋಡುತ್ತಲೂ ಇರಲಿಲ್ಲ. ಸೂರ್ಯ ಮರದ ಹಿಂದೆ ಇಳಿದಿದ್ದ, ಬೆಳಕು ಇನ್ನೂ ಸಾಕಷ್ಟಿತ್ತು. ಅಗಿದ ಕಾವಾ ಬೇರಿಗೆ ನೀರು ಬೆರೆಸಿ ತೆಂಗಿನ ನಾರಿನಲ್ಲಿ ಸೋಸಿ ಚಿಪ್ಪುಗಳಲ್ಲಿ ತುಂಬಿ ಇಟ್ಟಿದ್ದರು.

ಇಯೋಲು ಅಂಗಿ ಬಿಚ್ಚಿ ಹುಲ್ಲು ಕಟ್ಟಿಕೊಂಡಿದ್ದ. ಮಾರ್ಟೆನ್ ಅದನ್ನು ಕಂಡು ಸಮಾಧಾನಗೊಂಡಂತೆ ಕಂಡಿತು.

ಮೊದಲ ಚಿಪ್ಪು ನಂಪಾಸನದು. ಅವನು ಬೆನ್ನು ತಿರುಗಿಸಿ, ಒಂದೇ ಉಸಿರಿಗೆ ಕುಡಿದು, ಕೊನೆಯ ಗುಟುಕನ್ನು ಬಾಯಲ್ಲಿ ಉಳಿಸಿಕೊಂಡು, ಗಾಳಿಗೆ ಉಗಿದ. ಉಗಿದು ಕೂಗಿದ: ಅಣ್ಣಾ, ಅಜ್ಜಾ, ಕೆಸು ಚೆನ್ನಾಗಿ ಬರಲಿ, ಗಾಳಿ ಅತ್ತ ಹೋಗಲಿ. ಆ ಕೊನೆಯ ಗುಟುಕಿನ ಜೊತೆ ಹೊರಬಿದ್ದ ಮಾತು ನೇರ ಸತ್ತವರಿಗೆ ಹೋಗುತ್ತದೆ. ಹೋದದ್ದು ಹಿಂದೆ ಬರುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ಮಳೆ, ಗೆಡ್ಡೆ, ಹಂದಿ ಬಿಟ್ಟು ಬೇರೇನನ್ನೂ ಕೂಗುವುದಿಲ್ಲ.

ಇಯೋಲುವಿನ ಸರದಿ ಬಂತು.

ಕಾವಾ ಮಣ್ಣಿನಷ್ಟು ಒಗರಾಗಿತ್ತು. ಕುಡಿದ. ಕೊನೆಯ ಗುಟುಕು ಬಾಯಲ್ಲಿ ಉಳಿಯಿತು. ತುಟಿ, ನಾಲಿಗೆ ಮರಗಟ್ಟತೊಡಗಿದವು. ಸುವಾದಲ್ಲಿ ಕಲಿತ ಒಂದು ಧ್ವನಿ ಒಳಗೆ ಮೆಲ್ಲಗೆ, ಇದರಿಂದ ಆಗುವುದೇನು, ನೀನು ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿತು. ನಂಬುತ್ತೇನೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಚಿಕ್ಕಪ್ಪ ನಂಬುತ್ತಾನೆ. ಅಷ್ಟು ಸಾಕು.

ಅವನು ಮರದ ಕಡೆ ತಿರುಗಲಿಲ್ಲ. ನಂಪಾಸನ ಕಡೆ ತಿರುಗಿ ಉಗಿದ. ಹನಿಗಳು ಮುದುಕನ ಕಾಲಿನ ಮುಂದೆ ಬಿದ್ದವು.

"ಅಪ್ಪಾ! ಕಮಿಸಾಕ್! ಅಜ್ಜಂದಿರಾ, ಕೇಳಿ! ನಿಮ್ಮ ಹೆಸರನ್ನ ದಾರೀಲಿ ಹೋಗೋನಿಗೆ ಎತ್ತಿ ಕೊಟ್ಟೋನು ಇಲ್ಲೇ ಕೂತಿದಾನೆ. ಅವನ ಹೆಸರು ನಂಪಾಸ್. ಅವನು ಸತ್ತ ದಿನ ಆ ಹೆಸರೂ ಅವನ ಜೊತೆ ಮಣ್ಣಾಗ್ಲಿ. ಯಾವ ತಾಯೀನೂ ತನ್ನ ಕೂಸಿಗೆ ಅದನ್ನ ಇಡದೇ ಇರ್ಲಿ. ಅವನು ಕೂತ ಬೇರಿನ ಮೇಲೆ ಪಾಚಿ ಬೆಳೀಲಿ. ನೂರು ವರ್ಷ ಆದ್ರೂ ಅವನನ್ನ ಯಾರೂ ಕರೀದೇ ಇರ್ಲಿ!"

ಕೂಗು ಮನೆಗಳವರೆಗೆ ಹೋಯಿತು. ಅಲ್ಲೆಲ್ಲೋ ಒಂದು ಮಗು ಅಳತೊಡಗಿತು, ಅವನದೇ ಇರಬೇಕು. ಯಾಮಕ್ ಕೇಳಿಸಿಕೊಂಡಿರುತ್ತಾಳೆ. ಇಯೋಲುವಿನ ಎದೆಯಲ್ಲಿ ಎಷ್ಟೋ ದಿನದಿಂದ ಬಿಗಿದಿದ್ದ ಒಂದು ಗಂಟು ಬಿಚ್ಚಿಕೊಂಡಿತು. ಇನ್ನೊಂದು ನಿಮಿಷ ಹೀಗೇ ಇದ್ದರೆ ತಾನು ಸಂತೋಷದಿಂದ ಅತ್ತುಬಿಡುತ್ತೇನೆ ಅನ್ನಿಸಿತು.

ಒಬ್ಬ ಹಿರಿಯ ಅಂಗೈಯಿಂದ ಕಿವಿ ಮುಚ್ಚಿಕೊಂಡಿದ್ದ. ನಂಪಾಸನ ಮುಖದಿಂದ ರಕ್ತ ಇಳಿದುಹೋಗಿತ್ತು. ಅವನ ಕೈ ತಾನು ಕೂತಿದ್ದ ಬೇರನ್ನು ತಡವುತ್ತಿತ್ತು, ಇದೆಯೋ ಇಲ್ಲವೋ ನೋಡುವವನಂತೆ. ಇದನ್ನು ಇಯೋಲು ಕಣ್ಣಾರೆ ಕಂಡ. ತನ್ನ ಬದುಕಿನಲ್ಲಿ ತಾನು ಮಾಡಿದ ಒಂದು ಕೆಲಸ ಇನ್ನೊಬ್ಬನಿಗೆ ತಟ್ಟಿದ್ದನ್ನು ಅವನು ಕಂಡದ್ದು ಅದೇ ಮೊದಲು.

"ಅದ್ಭುತ," ಎಂದು ಮಾರ್ಟೆನ್ ಪಿಸುಗುಟ್ಟಿದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಏನದು? ಏನು ಹೇಳಿದೆ?"

ಇಯೋಲು ಬಾಯಿ ತೆರೆದ. ನಾಲಿಗೆ ಮರದ ತುಂಡಿನಂತೆ ಬಿದ್ದಿತ್ತು. ಹೇಳಬೇಕಾದರೆ ಎಲ್ಲಿಂದ ಶುರುಮಾಡುವುದು? ಮಗುವಿನಿಂದಲೋ, ವಿಲ್ಲೆಮ್‌ನಿಂದಲೋ, ಹನ್ನೆರಡು ಪುಟದ ಉತ್ತರಪತ್ರಿಕೆಯಿಂದಲೋ?

"ಏನು ಕೇಳ್ತಿದಾನೆ?" ನಂಪಾಸ್ ಕೇಳಿದ. ದನಿ ಒಡೆದಿತ್ತು.

"ನಾನು ಏನಂದೆ ಅಂತ."

ಮುದುಕ ಮೆಲ್ಲಗೆ, ಗೂಟ ಹಿಡಿದುಕೋ ಅಂದ ದನಿಯಲ್ಲೇ, ಹೇಳಿದ:

"ಬಂದೋರಿಗೆ ನಾವು ಹೇಳೋ ಮಾತು ಅನ್ನು. ಒಳ್ಳೇದಾಗ್ಲಿ ಅಂತ ಅಂದೆ ಅನ್ನು."

ಇಯೋಲು ಸುತ್ತ ನೋಡಿದ. ಹನ್ನೊಂದು ಮುಖಗಳು ಅವನನ್ನೇ ಕಾಯುತ್ತಿದ್ದವು. ಮನೆಯೊಳಗಿನ ಜಗಳವನ್ನು ಬೀದಿಯವನ ಮುಂದೆ ಬಿಚ್ಚಿಡುತ್ತಾನೋ ಏನೋ ಎಂಬ ಅಂಜಿಕೆ ಆ ಮುಖಗಳಲ್ಲಿತ್ತು. ಅಷ್ಟು ಹೊತ್ತಿಗೆ ಅವನ ಬಾಯಿಂದ ಇಂಗ್ಲಿಷು ತಾನಾಗಿ ಹೊರಟಿತ್ತು, ಒಂಬತ್ತು ವರ್ಷ ಬೆವರು ಸುರಿಸಿ ಕಲಿತ, ತಪ್ಪಿಲ್ಲದ ಇಂಗ್ಲಿಷು.

"ಸ್ವಾಗತದ ಪ್ರಾರ್ಥನೆ. ಅತಿಥಿಗೆ ಒಳ್ಳೆಯದಾಗಲಿ ಅಂತ."

"ನನಗೆ ಹಾಗೇ ಅನ್ನಿಸಿತು," ಅಂದ ಮಾರ್ಟೆನ್. ಎದೆಯ ಮೇಲೆ ಕೈಯಿಟ್ಟು ಎಲ್ಲರಿಗೂ ತಲೆಬಾಗಿದ. ನಂಪಾಸನಿಗೆ ಇನ್ನೂ ಸ್ವಲ್ಪ ಹೆಚ್ಚು ಬಾಗಿದ. ಆಮೇಲೆ ಫೋನಿನಲ್ಲಿ ತೆಗೆದ ಚಿತ್ರ ನೋಡಿ ಹಣೆ ಗಂಟಿಕ್ಕಿದ. "ಛೆ! ಕೈ ನಡುಗಿಬಿಟ್ಟಿದೆ. ಮುಖ ಬಂದೇ ಇಲ್ಲ. ಕೇಳೋದು ತಪ್ಪೋ ಏನೋ... ಇನ್ನೊಂದು ಸಲ ಮಾಡಲಿಕ್ಕಾಗುತ್ತಾ? ಬೆಳಕಿರುವಾಗಲೇ."

"ಏನಂತೆ?"

"ಇನ್ನೊಂದು ಸಲ ಕೂಗಬೇಕಂತೆ."

ನಂಪಾಸನ ಕಣ್ಣಿನಲ್ಲಿ ಏನೋ ಚಲಿಸಿತು. ಬೇಲಿಯಲ್ಲಿ ಸಂದು ಕಂಡ ಹಂದಿಯಂತೆ ಅವನು ಒಂದು ಕ್ಷಣ ನಿಶ್ಚಲನಾದ. ಸತ್ತವರು ಮೂರ್ಖರಲ್ಲ. ಒಂದೇ ಮಾತನ್ನು ಒಬ್ಬ ಬಿಳಿಯನ ಆಟಕ್ಕಾಗಿ ಎರಡು ಸಲ ಕೂಗಿದರೆ ಅವರು ಎರಡನ್ನೂ ಆಟವೆಂದೇ ತಿಳಿಯುತ್ತಾರೆ. ಇದು ಅವನಿಗೆ ಹೊಳೆದ ಗಳಿಗೆಯಲ್ಲೇ ಇಯೋಲುವಿಗೂ ಹೊಳೆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ಹತ್ತಿರದಿಂದ ಅವರು ಎಂದೂ ನೋಡಿಕೊಂಡಿರಲಿಲ್ಲ.

"ಮಾಡಪ್ಪ," ಅಂದ ನಂಪಾಸ್. "ಅತಿಥಿ. ಇಲ್ಲ ಅನ್ನಬಾರದು."

"ಕಾವಾ ಮುಗಿದಿದೆ," ಅಂದ ಇಯೋಲು.

"ನೀರಾದರೇನು? ಅವನಿಗೆಲ್ಲಿ ಗೊತ್ತಾಗುತ್ತೆ?"

ಗಂಡಸರಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಬಿಗಿ ಸಡಿಲಿತು. ಕಿವಿ ಮುಚ್ಚಿಕೊಂಡಿದ್ದ ಹಿರಿಯ ಕೈ ತೆಗೆದು ಅಂಗೈ ನೋಡಿಕೊಂಡ. ಇಲ್ಲ ಅನ್ನಬಹುದಿತ್ತು. ಅಂದರೆ ಯಾಕೆ ಎಂದು ಮಾರ್ಟೆನ್ ಕೇಳುತ್ತಾನೆ, ಆಗ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಬೇಕು, ಸ್ವಾಗತ ಎಂದದ್ದು ಸುಳ್ಳು ಎಂಬುದರಿಂದ ಶುರುಮಾಡಿ. ಇಯೋಲು ನಿಂತೇ ಇದ್ದ. ಅಲ್ಲಿಂದ ಹೋಗಲು ಕಾಲಿಗೆ ಹೇಳಿದ. ಕಾಲು ಕಾವಾ ಕುಡಿದಿತ್ತು.

ನಂಪಾಸ್ ತಾನೇ ಎದ್ದು ಸೋರೆಬುರುಡೆಯಿಂದ ಚಿಪ್ಪಿಗೆ ನೀರು ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು, ಅಣ್ಣನ ಮಗನಿಗೆ ಕೊಟ್ಟ. ಮಾರ್ಟೆನ್ ಹಿಂದೆ ಸರಿದು ಒಂದು ಮೊಣಕಾಲೂರಿ, ಸ್ವಲ್ಪ ಬಲಕ್ಕೆ, ಸ್ವಲ್ಪ ಬೆಳಕಿನ ಕಡೆಗೆ ಎಂದು ಕೈಸನ್ನೆ ಮಾಡಿದ. ಇಯೋಲು ಬಲಕ್ಕೆ ಸರಿದ. ಬೆಳಕಿನ ಕಡೆ ಮುಖ ತಿರುಗಿಸಿದ.

ಮುದುಕ ತನ್ನ ಬೇರಿಗೆ ಮರಳಿ, ಗಡ್ಡ ನೀವಿಕೊಂಡು, ಶಾಪ ಬೀಳುವಾಗ ತಾನೂ ಚಿತ್ರದಲ್ಲಿ ಕಾಣುವಂತೆ ತುಸು ಮುಂದೆ ಬಂದು ಕೂತ. ಇಯೋಲು ಬಾಯಿ ತುಂಬ ನೀರು ತುಂಬಿಕೊಂಡು, ಫೋನಿನ ಮೇಲಿದ್ದ ಆ ಬಿಳಿಯ ಬೆರಳು ಯಾವಾಗ ಅಲುಗೀತೆಂದು ಕಾಯುತ್ತ ನಿಂತ.